ಕರಿಯ ಹೊಸ್ತಿಲು ದಾಟಿರಲಿಲ್ಲ

ಅಕ್ಕಾ, ಕರಿಯ ಆ ದಿನ ಹೊಸ್ತಿಲು ದಾಟಿರಲಿಲ್ಲ. ಬೆಳ್ಳಿಯನ್ನು ಅವನು ಅಟ್ಟಿಸಿಕೊಂಡು ಹೋಗಿರಲಿಲ್ಲ. ಆ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಗಾದಿಗಳ ಸಂದಿಯಲ್ಲಿಟ್ಟುಕೊಂಡು ಸಿರುಗುಪ್ಪಕ್ಕೆ ಒಯ್ದು ಬಿಟ್ಟು ಬಂದವನು ನಾನು — ನಿನ್ನ ತಮ್ಮ ಇಮಾಮ. ನಾಯಿಯ ಮೇಲೆ ಸುಳ್ಳು ಹೇಳಿದವನೂ ನಾನೇ.

ಇಷ್ಟು ನಾಲ್ಕು ಸಾಲು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಬರೆದರೆ ಎದೆ ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರು, ಹಗುರೇನೂ ಆಗಲಿಲ್ಲ. ಏನು ಮಾಡಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಯಾಕೆ ಮಾಡಿದೆ, ಒಂದು ತಪ್ಪು ಯಾವ ಗಳಿಗೆಯಲ್ಲಿ ಇನ್ನೊಂದಾಯಿತು — ಅದು ಎಷ್ಟು ಹಿಂಜಿದರೂ ಬಿಡಿಸಿ ಬರುತ್ತಿಲ್ಲ. ಹತ್ತಿ ಹಿಂಜುವವರ ವಂಶದಲ್ಲಿ ಹುಟ್ಟಿ ಈ ಮಾತು ಹೇಳಬೇಕಾಗಿ ಬಂದದ್ದು ನನ್ನ ಹಣೆಬರಹ.

ನಿನಗೆ ಗೊತ್ತಿದ್ದದ್ದನ್ನೇ ಮೊದಲು ಹೇಳುತ್ತೇನೆ. ಗೊತ್ತಿದ್ದದ್ದು ಎಲ್ಲಿ ಮುಗಿಯುತ್ತದೆ, ನಾನು ಮುಚ್ಚಿಟ್ಟದ್ದು ಎಲ್ಲಿ ಶುರುವಾಗುತ್ತದೆ ಎಂಬುದು ಆಗ ನಿನಗೂ ಕಾಣುತ್ತದೆ, ನನಗೂ ಕಾಣಬಹುದು.

ಆಗ ನಮ್ಮದು ಬಳ್ಳಾರಿಯ ಅಂಚಿನಲ್ಲಿ, ಹೊಸಪೇಟೆ ರಸ್ತೆಯ ಬದಿಗೆ, ಮುಂದೆ ಗಾದಿ ಅಂಗಡಿ, ಹಿಂದೆ ಮನೆ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ನಿನಗೆ ಹದಿನಾರು. ನನಗೆ ಉಣ್ಣಿಸಿ, ಮೂಗು ಒರೆಸಿ, ಬೈದು ಬೆಳೆಸಿದವಳು ನೀನೇ. ಕುರುಗೋಡಿಗೆ ಮದುವೆಯಾಗಿ ಹೋದೆ. ಗಂಡ ಹೋದ ಮೇಲೆ ತಿರುಗಿ ಬಂದೆ — ಒಂದು ಟ್ರಂಕು, ಬುಟ್ಟಿಯೊಳಗೆ ಒಂದು ಬೆಕ್ಕಿನ ಮರಿ. "ಇದನ್ಯಾಕ ತಂದಿ?" ಎಂದು ನಾನು ಕೇಳಿದ್ದಕ್ಕೆ, "ನಿನ್ ಜೋಡಿ ನಾನೂ ಬರ್ತೀನಿ ಅಂತು, ಕರ್ಕೊಂಡ್ ಬಂದೆ" ಎಂದು ನಕ್ಕಿದ್ದೆ. ಅಪ್ಪ ಸತ್ತು ಅಂಗಡಿ ನನ್ನ ಕೈಗೆ ಬರುವ ಹೊತ್ತಿಗೆ ಮನೆಯಲ್ಲಿ ನಾಲ್ಕು ಬೆಕ್ಕು, ಮೂರು ನಾಯಿ. ಮನುಷ್ಯರು ನಾವಿಬ್ಬರೇ.

ನಿನ್ನದೊಂದು ಕಾಯಿದೆ ಇತ್ತು. ಬೆಕ್ಕುಗಳು ಎಲ್ಲಿ ಬೇಕಾದರೂ ಓಡಾಡಬಹುದು, ಹತ್ತಿಯ ಗುಡ್ಡೆಯಲ್ಲೂ ಮಲಗಬಹುದು. ನಾಯಿಗಳು ಹೊಸ್ತಿಲಾಚೆ. ನಮಾಜು ಮಾಡುವ ಮನೆಯೊಳಗೆ ನಾಯಿ ಬರಕೂಡದು ಎಂದು ಓಣಿಯವರು ಮುಖ ಗಂಟಿಕ್ಕಿದರೆ, "ಒಳಗ ಎಲ್ಲಿ ಬಂದಾವ್ರಿ? ಹೊಸ್ತಿಲ ಹೊರಗ ಅದಾವ. ಹಸಿವು ಮಾತ್ರ ಒಳಗಿನವಕ್ಕೂ ಹೊರಗಿನವಕ್ಕೂ ಒಂದ ಐತಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಸಂಜೆ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಕಲಸಿ, ಕಸಾಯಿ ಅಂಗಡಿಯಿಂದ ತಂದ ಚೂರುಪಾರು ಹಾಕಿ, ಒಂದೊಂದಕ್ಕೆ ಒಂದೊಂದು ಬಟ್ಟಲು. ಬಟ್ಟಲು ನೆಲಕ್ಕಿಡುವಾಗ "ಬಿಸ್ಮಿಲ್ಲಾ" ಎನ್ನುತ್ತಿದ್ದೆ. ಬೆಕ್ಕುಗಳಿಗೆ ಅದೆಲ್ಲ ಲೆಕ್ಕಕ್ಕಿರಲಿಲ್ಲ. ಬಟ್ಟಲಿಗಿಂತ ಮೊದಲೇ ಬಾಯಿ. ನಾಯಿಗಳು ಮಾತ್ರ ಕಲಿತಿದ್ದವು. ಕರಿಯನಂತೂ ಆ ಮಾತು ನಿನ್ನ ಬಾಯಿಂದ ಬೀಳುವ ತನಕ ಜೊಲ್ಲು ಸುರಿಸಿಕೊಂಡು ಕೂತಿರುತ್ತಿದ್ದನೇ ಹೊರತು ಮೂಗು ಮುಂದೆ ಚಾಚುತ್ತಿರಲಿಲ್ಲ. ಮಳೆ ಬಂದು ನಡುಗುತ್ತಿದ್ದರೂ ಅವನು ಹೊಸ್ತಿಲ ಕಲ್ಲಿನ ಮೇಲೆ ಗದ್ದ ಇಡುವನು, ಕಾಲಿಡುವವನಲ್ಲ. ನೀನು ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದೆ.

ಅದು ಅದಿರಿನ ಕಾಲ. ಹಗಲು ರಾತ್ರಿ ಎನ್ನದೆ ಲಾರಿಗಳು ನಮ್ಮ ಮುಂದೆಯೇ ಹೋಗುತ್ತಿದ್ದವು. ಗಿಡ, ಗೋಡೆ, ಹಗ್ಗಕ್ಕೆ ಹಾಕಿದ ಬಟ್ಟೆ, ಎಲ್ಲದಕ್ಕೂ ಆ ಕೆಂಪು ಧೂಳಿನ ಒಂದೇ ಬಣ್ಣ. ನಾನು ಸೀನಿದರೆ ಕರವಸ್ತ್ರ ಕೆಂಪಾಗುತ್ತಿತ್ತು. ಬಿಳಿ ಬೆಕ್ಕುಗಳು ಎರಡಿದ್ದವು — ಬೆಳ್ಳಿ ಎಂಬ ಹೆಣ್ಣು, ಸಾಹುಕಾರ ಎಂಬ ಗಂಡು. ಬಿಳಿ ಎಂದು ನೀನು ಹೇಳುತ್ತಿದ್ದೆ. ನಾನು ನೋಡಿದಾಗಲೆಲ್ಲ ಅವು ಇಟ್ಟಿಗೆಯ ಬಣ್ಣದಲ್ಲಿರುತ್ತಿದ್ದವು. ಯಾವುದು ಬೆಳ್ಳಿ, ಯಾವುದು ಸಾಹುಕಾರ ಎಂದು ನಾನು ಗಮನವಿಟ್ಟು ನೋಡಿದವನೇ ಅಲ್ಲ. ಉಣ್ಣುವ ಏಳು ಬಾಯಿಗಳು ಎಂದಷ್ಟೇ ನೋಡಿದ್ದೆ.

ದುಡ್ಡು ಕಂಡವರು ದೊಡ್ಡ ದೊಡ್ಡ ಮಂಚ ಮಾಡಿಸುತ್ತಿದ್ದರು. ನನಗೂ ಕೈತುಂಬ ಕೆಲಸ. ನಾಲ್ಕಾರು ಲಾರಿ ಇಟ್ಟು ದಿಢೀರನೆ ದೊಡ್ಡವರಾದ ಒಂದು ಮನೆಯವರು ಮಗಳ ಮದುವೆಗೆ ಮಖಮಲ್ಲಿನ ಹೊದಿಕೆಯ ಜೋಡಿ ಗಾದಿ ಹೇಳಿದರು. ಅಂಥ ಗಾದಿಯನ್ನು ನಾನು ಮೊದಲು ಹೊಲಿದಿರಲಿಲ್ಲ, ಆಮೇಲೂ ಹೊಲಿದಿಲ್ಲ. ದಬ್ಬಣ ಹಿಡಿದು ಬೆರಳು ಬಾತುಹೋಗಿತ್ತು. ಕೊಟ್ಟ ಎರಡನೆಯ ದಿನವೇ ಗಾದಿ ವಾಪಸ್ ಬಂತು. ಜೊತೆಗೆ ಬಂದ ಮನೆಯ ಯಜಮಾನ, ಓಣಿಯೆಲ್ಲ ನಿಂತು ನೋಡುತ್ತಿರುವಾಗ, "ಇದರ ಮ್ಯಾಲ ಮದುಮಕ್ಕಳು ಮಲಗಬೇಕೋ, ನಿಮ್ ಬೆಕ್ಕು ಮಲಗಬೇಕೋ? ನೀವ ಮೂಸಿ ನೋಡ್ರಿ" ಎಂದ. ಮೂಸಿದೆ. ಗಂಡುಬೆಕ್ಕು ಉಚ್ಚೆ ಹೊಯ್ದ ನಾತ — ಸಾಹುಕಾರನದೇ. ಎದುರಿಗೆ ನಿಂತವರು ಕಿಸಕ್ಕೆಂದು ನಕ್ಕರು. ನೀನು ಮಾತ್ರ, "ಹೋಗ್ಲಿ ಬಿಡೋ ತಮ್ಮಾ, ಹತ್ತಿ ಬಿಸಿಲಿಗೆ ಹಾಕಿದ್ರ ಹೋಗ್ತೈತಿ. ಅದಕ್ಕೇನ್ ತಿಳೀತೈತಿ, ಪಾಪ" ಎಂದೆ.

ಆ "ಪಾಪ" ನನ್ನ ಮೈ ಉರಿಸಿತು. ಪಾಪ ಬೆಕ್ಕಿಗೆ, ನನಗಲ್ಲ. ಅಂದರೆ ನಾನು ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆನೇ? ಇಪ್ಪತ್ತಾರು ವರ್ಷದ ಗಂಡಸು? ನಗಬೇಡ ಅಕ್ಕಾ — ಅಥವಾ ನಗು, ನಕ್ಕರೆ ಒಳ್ಳೆಯದೇ. ಆದರೆ ಅದೊಂದೇ ಕಾರಣವೋ, ಓಣಿಯ ಎದುರು ಆದ ಅವಮಾನವೋ, ಎರಡೂ ಕಲಸಿಕೊಂಡವೋ ನನಗೆ ತಿಳಿಯದು.

ನಾಲ್ಕು ದಿನ ಬಿಟ್ಟು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯವರ ಮನೆಗೆ ಗಾದಿ ಒಯ್ಯುವುದಿತ್ತು. ಬೆಳಗಿನ ಹೊತ್ತು, ಟೆಂಪೋ ಬಾಗಿಲಲ್ಲಿ ನಿಂತಿತ್ತು, ನೀನು ಕೊಡ ತೆಗೆದುಕೊಂಡು ನಲ್ಲಿಗೆ ಹೋಗಿದ್ದೆ. ಹೊಲಿದಿಟ್ಟ ಗಾದಿಯ ಮೇಲೆ ಬೆನ್ನು ನನ್ನ ಕಡೆಗೆ ಮಾಡಿಕೊಂಡು ಒಂದು ಕೆಂಪು ಬೆಕ್ಕು ಮಲಗಿತ್ತು. ದಿನಾ ಅಲ್ಲಿ ಮಲಗುತ್ತಿದ್ದುದು ಸಾಹುಕಾರ, ಅವನೇ ಎಂದುಕೊಂಡೆ. ಹಿಂದಿನಿಂದ ಹೋಗಿ ಗೋಣಿಚೀಲ ಕವಿಚಿದೆ. ಒಳಗೆ ಒದ್ದಾಡಿತು, ಒಮ್ಮೆ ಕೂಗಿತು. ಬಾಯಿ ಕಟ್ಟಿ ಗಾದಿಗಳ ನಡುವೆ ಇಟ್ಟೆ. ಕರಿಯ ಹೊಸ್ತಿಲಾಚೆ ನಿಂತು ಎಲ್ಲವನ್ನೂ ನೋಡಿದ. ಬೊಗಳಲಿಲ್ಲ. ಚೀಲದ ಕಡೆ ನೋಡಿದ, ನನ್ನ ಕಡೆ ನೋಡಿದ. ಮನೆಯವರೇ ಮಾಡುತ್ತಿದ್ದಾರಲ್ಲ, ಬೊಗಳುವುದು ಯಾರಿಗೆ?

ಚೀಲ ಹಗುರಾಗಿತ್ತು ಅಕ್ಕಾ. ಸಾಹುಕಾರನದು ಉಂಡುಂಡು ಬೆಳೆದ ಮೈ. ಎತ್ತಿದರೆ ಕೈ ಜಗ್ಗುತ್ತಿತ್ತು. ಈ ಚೀಲ ಜಗ್ಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು — ಬಂದಿತ್ತೋ ಏನೋ. ಬಂದಿದ್ದರೂ, ಈಗ ಚೀಲ ಬಿಚ್ಚಿದರೆ ನೀನು ನಲ್ಲಿಯಿಂದ ಬಂದುಬಿಡುತ್ತೀಯ ಎಂದು ಆ ಅನುಮಾನವನ್ನು ಒಳಗೇ ಅದುಮಿಬಿಟ್ಟೆನೋ ಏನೋ. ಈ ಒಂದು ಜಾಗಕ್ಕೆ ಬಂದಾಗಲೆಲ್ಲ ನಾನು ಗೊಂದಲಕ್ಕೆ ಬೀಳುತ್ತೇನೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ಗೊತ್ತಿದ್ದೇ ಮಾಡಿದೆ ಎನ್ನಲು ಧೈರ್ಯ ಸಾಲುವುದಿಲ್ಲ.

ನಮ್ಮ ಕಡೆ ಬೆಕ್ಕು ಬಿಡುವವರಿಗೆ ಎರಡು ಕಟ್ಟಳೆ ಉಂಟಲ್ಲ — ಹೊಳೆ ದಾಟಿಸಿ ಬಿಡಬೇಕು, ಬಿಟ್ಟ ಮೇಲೆ ತಿರುಗಿ ನೋಡಬಾರದು, ನೋಡಿದರೆ ಬೆನ್ನು ಹತ್ತಿ ಬರುತ್ತದೆ. ತುಂಗಭದ್ರೆ ದಾಟುವಷ್ಟು ದೂರ ಹೋಗಲು ನನಗೆ ಪುರುಸೊತ್ತಿರಲಿಲ್ಲ. ಗಿರಣಿಯ ಹಿಂದೆ ಕಾಲುವೆ ಇತ್ತು. ಕಾಲುವೆಯ ನೀರೂ ಹೊಳೆಯದೇ ತಾನೇ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡು, ಅದನ್ನು ದಾಟಿ, ಭತ್ತದ ಹೊಟ್ಟಿನ ರಾಶಿಯ ಹತ್ತಿರ ಚೀಲದ ಬಾಯಿ ಬಿಚ್ಚಿ, ಮುಖ ತಿರುಗಿಸಿಕೊಂಡು ಬಂದೆ. ಒಂದು ಕಟ್ಟಳೆಯನ್ನು ಮುರಿದವನು ಇನ್ನೊಂದನ್ನು ಎಷ್ಟು ನಿಯತ್ತಾಗಿ ಪಾಲಿಸಿದೆ ನೋಡು. ಒಮ್ಮೆ ತಿರುಗಿ ನೋಡಿದ್ದರೆ ಯಾವ ಬೆಕ್ಕೆಂದು ಕಾಣುತ್ತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆಗೆ ಬಂದೆ. ಸಾಹುಕಾರ ಹತ್ತಿಯ ಗುಡ್ಡೆಯ ತುದಿಯಲ್ಲಿ ಕೂತು ಮುಖ ತೊಳೆದುಕೊಳ್ಳುತ್ತಿದ್ದ.

ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ನನಗಿಂತ ಮೊದಲು ಇದು ಹೇಗೆ ಬಂತು, ಕಾಲುವೆ ಸಾಲದೇ ಹೋಯಿತಲ್ಲ ಎಂದು. ಅಷ್ಟು ದಡ್ಡನಾಗಿ ನಿಂತಿದ್ದೆ. ಆಗ ನೀನು ಒಳಕೋಣೆಯಿಂದ ಕರೆದೆ. ಹಳೆಯ ಹತ್ತಿಯ ಚೀಲದೊಳಗೆ, ಕಣ್ಣು ಬಿಡದ ನಾಲ್ಕು ಮರಿ. ಎರಡು ದಿನದವು ಇರಬಹುದು. ಬೆಳ್ಳಿ ಯಾರಿಗೂ ಗೊತ್ತಾಗದಂತೆ ಅಲ್ಲಿ ಹಾಕಿಕೊಂಡಿದ್ದಳು. ಅವು ಒಂದರ ಮೇಲೊಂದು ಬಿದ್ದು, ಸಿಕ್ಕ ಹತ್ತಿಯನ್ನೇ ಚೀಪುತ್ತಿದ್ದವು.

"ಇವರವ್ವ ಮುಂಜಾನಿಯಿಂದ ಇಲ್ಲೋ ತಮ್ಮಾ. ಮರಿ ಬಿಟ್ಟು ಹೋಗಾಕಿ ಅಲ್ಲ ಆಕಿ. ನೀ ಏನಾರ ನೋಡಿಯೇನು?"

ಒಂದು ಮಾತು ಸಾಕಿತ್ತು. ಟೆಂಪೋ ಇನ್ನೂ ಬಾಗಿಲಲ್ಲೇ ಇತ್ತು. ಕತ್ತಲಾಗುವ ಮೊದಲು ಸಿರುಗುಪ್ಪ ಮುಟ್ಟಬಹುದಿತ್ತು. ನೀನು ಬೈಯುತ್ತಿದ್ದೆ, ಹೊಡೆಯುತ್ತಲೂ ಇದ್ದೆಯೇನೋ, ಆಮೇಲೆ ಟೆಂಪೋದಲ್ಲಿ ನನಗಿಂತ ಮೊದಲು ನೀನೇ ಹತ್ತಿ ಕೂರುತ್ತಿದ್ದೆ. ನಾನು ಬಾಯಿ ತೆರೆದದ್ದು ನಿಜ ಹೇಳಲಿಕ್ಕೇ — ಹಾಗೆಂದು ಈಗಲೂ ನಂಬಿದ್ದೇನೆ. ಬಾಗಿಲಲ್ಲಿ ಕರಿಯ ಕಂಡ. ಬಾಯಿಂದ ಹೊರಗೆ ಬಂದದ್ದು ಬೇರೆಯೇ ಮಾತು.

"ಮುಂಜಾನಿ ಕರಿಯ ಹೊಸ್ತಿಲ ದಾಟಿ ಒಳಗ ಬಂದಿದ್ದ ಅಕ್ಕಾ. ಬೆಳ್ಳಿನ ಅಟ್ಟಿಸ್ಕೊಂಡು ರಸ್ತಿ ಕಡಿ ಹೋದ. ನಾನ ನೋಡೀನಿ."

ನೀನು ನಂಬಲಿಲ್ಲ. "ಕರಿಯ? ಒಳಗ?" ಎಂದು ನನ್ನ ಮುಖವನ್ನೇ ನೋಡಿದೆ. ನಾನು, "ನನ್ ಮ್ಯಾಲ ನಂಬಿಕಿ ಇಲ್ಲೇನು? ನಾಯಿ ಹೆಚ್ಚಾತೇನು ನಿನಗ?" ಎಂದು ಜೋರು ಮಾಡಿದೆ. ಸುಳ್ಳು ಹೇಳಿದವನಿಗೇ ಸಿಟ್ಟು ಜಾಸ್ತಿ ಅಕ್ಕಾ. ಆಗ ನೀನು ನನ್ನನ್ನು ಆರಿಸಿಕೊಂಡೆ. ಹತ್ತಿ ಬಡಿಯುವ ಕೋಲು ತೆಗೆದುಕೊಂಡು ಹೊರಗೆ ಹೋದೆ. ನಮ್ಮ ಮನೆಯಲ್ಲಿ ಆ ಕೋಲು ಪ್ರಾಣಿಯೊಂದರ ಮೇಲೆ ಬಿದ್ದದ್ದು ಅದೇ ಮೊದಲು. ಕರಿಯ ಓಡಲೂ ಇಲ್ಲ. ನೀನು ಹೊಡೆಯುತ್ತಿದ್ದೀಯ ಎಂಬುದೇ ಅವನಿಗೆ ತಿಳಿಯಲಿಲ್ಲವೇನೋ. ಮೂರನೆಯ ಏಟಿಗೆ ಹಿಂಗಾಲು ಎಳೆದುಕೊಂಡು ನೀರಿನ ತೊಟ್ಟಿಯ ಹಿಂದೆ ಹೋದ. ನೀನು ಕೋಲು ಎಸೆದು ಅಳುತ್ತ ಒಳಗೆ ಬಂದೆ. ನಾನು ಗಾದಿಯ ಮೇಲೆ ಕೂತು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದೆ.

ಅಂದು ಸಂಜೆ ನೀನು ನಾಯಿಗಳಿಗೆ ಬಟ್ಟಲು ಇಟ್ಟೆ. ಉಳಿದ ಎರಡಕ್ಕೆ ಬಿಸ್ಮಿಲ್ಲಾ ಎಂದೆ. ಕರಿಯನ ಬಟ್ಟಲನ್ನು ಮಾತಿಲ್ಲದೆ ನೂಕಿದೆ. ಅವನು ಬಟ್ಟಲ ಮುಂದೆ ಕೂತು ನಿನ್ನ ಬಾಯಿಯನ್ನೇ ನೋಡಿದ. ಕೂತೇ ಇದ್ದ. ಕೊನೆಗೆ ಉಳಿದೆರಡು ನಾಯಿಗಳು ಬಂದು ಅವನದನ್ನೂ ತಿಂದವು. ಮರುದಿನವೂ ಹಾಗೇ. ನೀನು ನನ್ನನ್ನು ಕರೆದು ತೋರಿಸಿದೆ — "ನೋಡು, ತಪ್ಪು ಮಾಡಿದ್ದು ಅದಕ್ಕೂ ತಿಳದೈತಿ. ಬಾಯಿ ಹಾಕವಲ್ದು." ಅವನು ಯಾಕೆ ತಿನ್ನುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಕಲಿಸಿದವಳು ನೀನು, ಸಿಟ್ಟಿನಲ್ಲಿ ನಿನಗೇ ಮರೆತಿತ್ತು. ನಾನು "ಹೂಂ" ಎಂದೆ.

ನಿನ್ನ ಮುಂದೆ ಈ "ಹೂಂ"ಗೆ ನನ್ನಲ್ಲಿ ಯಾವ ಸಮಾಧಾನವೂ ಇಲ್ಲ. ಮೊದಲನೆಯ ಸುಳ್ಳು ಗಾಬರಿಯಲ್ಲಿ ಬಂತು ಎನ್ನಬಹುದು. ಇದು ಗಾಬರಿಯದಲ್ಲ.

ನೀನು ಹತ್ತಿಯ ಬತ್ತಿ ಮಾಡಿ ಹಾಲಿನಲ್ಲಿ ಅದ್ದಿ ಮರಿಗಳ ಬಾಯಿಗಿಡುತ್ತಿದ್ದೆ. ಮೊದಲ ರಾತ್ರಿಯೇ ಒಂದು ಹೋಯಿತು. ಮೂರನೆಯ ದಿನ, ಗಿರಣಿಯವರ ಹತ್ತಿರ ಕೆಲಸವಿದೆ ಎಂದು ಹೇಳಿ ನಾನು ಬಸ್ಸು ಹತ್ತಿದೆ. ನಿನಗೆ ಇದೂ ಗೊತ್ತಿಲ್ಲ. ನಾನು ಹೋದದ್ದು ಬೆಳ್ಳಿಯನ್ನು ಹುಡುಕಲು. ಹೊಟ್ಟಿನ ರಾಶಿ, ಕಾಲುವೆಯ ದಂಡೆ, ಗಿರಣಿಯ ಹಮಾಲರ ಗುಡಿಸಲು, ಎಲ್ಲ ಕಡೆ ತಿರುಗಿದೆ. "ಬಿಳಿ ಬೆಕ್ಕು ನೋಡಿರೇನ್ರಿ?" ಎಂದರೆ ಒಬ್ಬಾಕೆ, "ಏಟಿಕಿ? ಕಳದೈತಾ?" ಎಂದು ತೆಲುಗು ಕನ್ನಡ ಕಲಸಿ, ಯಾಕೆಂದು ಕೇಳಿದಳು.

ಕಾಲುವೆಯ ಕಟ್ಟೆಯ ಮೇಲೆ ಒಂದು ಬೆಕ್ಕು ಕೂತಿತ್ತು. ಬೆಳ್ಳಗೆ, ಅಚ್ಚ ಬೆಳ್ಳಗೆ. ಬೆಳ್ಳೀ ಎಂದು ಕರೆದೆ. ಕಿವಿ ತಿರುಗಿಸಿತು. ಹತ್ತಿರ ಹೋದೆ, ಎದ್ದು ನಾಲ್ಕು ಹೆಜ್ಜೆ ದೂರ ಕೂತಿತು. ಅವಳೇ ಎಂದು ಒಂದು ಗಳಿಗೆ ಅನ್ನಿಸಿತು, ಅಲ್ಲ ಎಂದು ಮರುಗಳಿಗೆ. ಧೂಳಿಲ್ಲದ ಬೆಳ್ಳಿ ಹೇಗಿರುತ್ತಾಳೆ ಎಂಬುದನ್ನು ನಾನು ನೋಡಿಯೇ ಇರಲಿಲ್ಲ. ಬಾಲ ಹೇಗಿತ್ತು, ಕಣ್ಣಿನ ಬಣ್ಣ ಯಾವುದು, ಕಿವಿಯಲ್ಲಿ ಗುರುತಿತ್ತೇ — ನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದ ಪ್ರಾಣಿಯ ಬಗ್ಗೆ ಒಂದೂ ನೆನಪಾಗಲಿಲ್ಲ. ನೀನಾಗಿದ್ದರೆ ಅರ್ಧ ಮೈಲಿಯಿಂದ ಗುರುತು ಹಿಡಿಯುತ್ತಿದ್ದೆ. ನಿನ್ನನ್ನು ಕರೆದುಕೊಂಡು ಬರಬೇಕಿತ್ತು; ಕರೆದುಕೊಂಡು ಬರಬೇಕಾದರೆ ಹೇಳಬೇಕಿತ್ತು. ಬೇರೆ ಯಾರದೋ ಬೆಕ್ಕನ್ನು ಒಯ್ದರೆ ನೀನು ಏನೆಂದು ಕೇಳುತ್ತೀಯ ಎಂದು ಹೆದರಿದೆ, ಅದು ಬೆಳ್ಳಿಯೇ ಆಗಿದ್ದರೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತೀಯ ಎಂದೂ ಹೆದರಿದೆ. ಅದು ಭತ್ತದ ಗದ್ದೆಯೊಳಗೆ ಇಳಿದು ಹೋಯಿತು. ನಾನು ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಬಂದೆ. ಐದನೆಯ ದಿನಕ್ಕೆ ಮರಿಗಳು ಒಂದೂ ಉಳಿಯಲಿಲ್ಲ.

"ಇದನ್ನ ಎಲ್ಲ್ಯಾರ ಒಯ್ದು ಬಿಡೋ. ನನ್ ಕಣ್ಣಿಗೆ ಕಾಣಬಾರ್ದು" ಎಂದೆ ನೀನು. ನಾನು ಕರಿಯನನ್ನು ಹಗ್ಗ ಹಾಕಿ ನಡೆಸಿಕೊಂಡು ಹೋಗಿ, ಅದಿರಿನ ಲಾರಿಗಳನ್ನು ತೂಗುವ ಕಾಟಾದ ಕಾವಲುಗಾರನಿಗೆ ಕೊಟ್ಟೆ. ಕುಂಟುತ್ತಲೇ ಬಂದ, ನನ್ನ ಜೊತೆ ಬರುವುದೇ ಅವನಿಗೆ ಸಂತೋಷ. ತಿಂಗಳಾದ ಮೇಲೆ ಆ ಕಡೆ ಹೋದಾಗ ನೋಡಿದೆ. ಕರಿಯ ಎಂಬ ಹೆಸರಿಗೆ ಅರ್ಥವಿಲ್ಲದಷ್ಟು ಕೆಂಪಾಗಿದ್ದ. ನನ್ನನ್ನು ಕಂಡು ಮೈಯೆಲ್ಲ ಆಡಿಸಿದ. ಬಿಸ್ಕತ್ತು ಮುರಿದು ಮುಂದಿಟ್ಟೆ. ಕಾವಲುಗಾರ ಎಸೆದದ್ದನ್ನು ತಿನ್ನುತ್ತಿದ್ದನಂತೆ, ನಾನಿಟ್ಟದ್ದನ್ನು ಮೂಸಲಿಲ್ಲ, ಕೂತು ನನ್ನ ಬಾಯಿ ನೋಡಿದ. ಬಿಸ್ಮಿಲ್ಲಾ ಎಂದು ದೇವರ ಹೆಸರು ಹೇಳಲು ನನ್ನ ನಾಲಿಗೆ ಏಳಲಿಲ್ಲ ಅಕ್ಕಾ. ಯಾವ ಬಾಯಿಂದ ಸುಳ್ಳು ಹೇಳಿದ್ದೆನೋ ಅದೇ ಬಾಯಿ. ಬಿಸ್ಕತ್ತು ಅಲ್ಲೇ ಬಿಟ್ಟು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಗಣಿ ನಿಂತು ಲಾರಿಗಳು ನಿಂತಾಗ ಕಾಟಾಕ್ಕೂ ಬೀಗ ಬಿತ್ತು ಎಂದು ಕೇಳಿದೆ. ಕಾವಲುಗಾರ ಯಾವ ಊರಿನವನೋ, ಅವನು ಕರಿಯನನ್ನು ಕರೆದುಕೊಂಡು ಹೋದನೋ ಬಿಟ್ಟು ಹೋದನೋ, ನಾನು ವಿಚಾರಿಸಲಿಲ್ಲ.

ಆಮೇಲೆ ನೀನು ಹೊಸದಾಗಿ ಒಂದನ್ನೂ ಸಾಕಲಿಲ್ಲ. ಇದ್ದವು ಒಂದೊಂದಾಗಿ ಮುದಿಯಾಗಿ ಹೋದವು. ನಾನು ಕಳೆಯಬೇಕೆಂದಿದ್ದ ಸಾಹುಕಾರ ಎಲ್ಲರಿಗಿಂತ ಹೆಚ್ಚು ಬದುಕಿದ, ಕೊನೆಕೊನೆಗೆ ನನ್ನ ತೊಡೆಯ ಮೇಲೇ ಮಲಗುತ್ತಿದ್ದ. ಯಾರಾದರೂ ಮರಿ ತಂದುಕೊಟ್ಟರೆ ನೀನು "ನನ್ ಕೈ ಚಲೋದಲ್ರಿ" ಎಂದು ವಾಪಸ್ ಕಳಿಸುತ್ತಿದ್ದೆ. ನನ್ನ ಮದುವೆಯಾದ ಮೇಲೆ ಕುರುಗೋಡಿಗೆ ಹೋಗಿ ನಾದಿನಿಯ ಜೊತೆ ಕೌದಿ ಹೊಲಿದುಕೊಂಡು ಇದ್ದೀಯ. ಅದನ್ನೆಲ್ಲ ನಿನ್ನ ಸ್ವಭಾವ ಬದಲಾಯಿತು ಎಂದು ನಾನು ಜನರಿಗೆ ಹೇಳುತ್ತ ಬಂದೆ. ನನ್ನ ಹೆಂಡತಿಗೂ ಹಾಗೇ ಹೇಳಿದ್ದೇನೆ.

ಹೋದ ಶುಕ್ರವಾರ ನಿನ್ನಲ್ಲಿಗೆ ಬಂದಾಗ ಬಾಗಿಲಲ್ಲಿ ಒಂದು ಬೀದಿನಾಯಿಯ ಮರಿ ಬಂದು ನಿಂತಿತ್ತು. ನೀನು ರೊಟ್ಟಿ ಮುರಿದೆ, ಕೈ ಚಾಚಿದೆ, ಮತ್ತೆ ಹಿಂದಕ್ಕೆ ತೆಗೆದುಕೊಂಡು ನಾದಿನಿಯ ಕೈಗೆ ಕೊಟ್ಟೆ, "ನೀ ಹಾಕವ್ವಾ" ಎಂದು. ಆಮೇಲೆ, ಸೂಜಿಯ ಮೇಲಿನ ಕಣ್ಣು ತೆಗೆಯದೆ ಕೇಳಿದೆ:

"ಲೇ ತಮ್ಮಾ, ಆ ಕರಿಯ ಖರೇನ ಹೊಸ್ತಿಲ ದಾಟಿದ್ನೇನೋ? ಈಗೀಗ ಭಾಳ ನೆನಪಾಗ್ತೈತಿ. ನಾ ಸುಮ್ನ ಹೊಡದೆನೇನೋ ಅನ್ನಸ್ತೈತಿ."

ನನ್ನ ತಲೆ ನರೆತಿದೆ, ಎರಡು ಮಕ್ಕಳ ತಂದೆ. ನಿನ್ನ ಸಿಟ್ಟಿಗೆ ಹೆದರುವ ಕಾಲ ಮುಗಿದು ಎಷ್ಟೋ ಆಯಿತು. ಆದರೂ ನನ್ನ ಬಾಯಿ, "ದಾಟಿದ್ದ ಅಕ್ಕಾ" ಎಂದಿತು. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ. ಬಸ್ಸು ಕೊಳಗಲ್ಲು ದಾಟುವವರೆಗೆ ಹೊರಗೆ ನೋಡುತ್ತ, ಯಾಕೆ ಹೇಳಲಿಲ್ಲ, ಈಗ ಯಾರ ಭಯ, ಎಂದು ನನ್ನನ್ನೇ ಕೇಳಿಕೊಂಡೆ. ನೀನು ಇಷ್ಟು ವರ್ಷ ಹೊತ್ತು ತಿರುಗಿದ್ದು ನನ್ನ ಪಾಪವನ್ನು ಎಂಬುದಷ್ಟೇ ತಿಳಿಯಿತು. ಅಂದು ಆ ಕೋಲು ಬೀಳಬೇಕಾದದ್ದು ನನ್ನ ಬೆನ್ನಿಗೆ. ನಿನ್ನ ಕೈಗೆ ಯಾವ ದೋಷವೂ ಇರಲಿಲ್ಲ.

ನಿನಗೆ ಓದಲು ಬರುವುದಿಲ್ಲ. ನಾದಿನಿಯ ಕೈಲಿ ಓದಿಸಿಕೋ ಎಂದು ಕಳಿಸಿಬಿಡಬಹುದು. ಅದಕ್ಕೂ ಮನಸ್ಸು ಆಸೆಪಟ್ಟಿತು, ಸುಳ್ಳು ಹೇಳುವುದಿಲ್ಲ. ಬೇಡ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಮುಂದೆ ಕೂತು ಮೊದಲ ಸಾಲಿನಿಂದ ನಾನೇ ಓದುತ್ತೇನೆ. ನಡುವೆ ನೀನು ಸಾಕು ಎಂದರೂ ಪೂರ್ತಿ ಓದುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡದೆ ಎದ್ದು ಒಳಗೆ ಹೋದರೆ, ಹೊರಗೇ ಕೂತಿರುತ್ತೇನೆ — ನೀನು ಕರೆಯುವ ತನಕ, ಕರೆಯದಿದ್ದರೂ.